ಹಳೇ ಕಲ್ಲುಗೋಡೆಗೆ ಥರ್ಮಾಕೋಲ್ ಹೊಡೆಸುವ ಮುಂಚೆ

ಮೈಸೂರಿನ ಅಗ್ರಹಾರ, ಶ್ರೀರಂಗಪಟ್ಟಣದ ಕಡೆ ಹಳೇ ಮನೆಗಳನ್ನು ಹೋಂಸ್ಟೇ ಮಾಡುವವರಿಗೆ ಕೆಲವು ಕಂಟ್ರಾಕ್ಟರುಗಳು ಸೆಕೆಗೂ ಗೋಡೆಯ ತೇವಕ್ಕೂ ಒಂದೇ ಮದ್ದು ಹೇಳುತ್ತಾರೆ: ಎಸಿ ರೂಮಿನ ಗೋಡೆಗೆ ಒಳಗಿನಿಂದ ಫ್ರೇಮ್ ಕಟ್ಟಿ, ಥರ್ಮಾಕೋಲ್ ತುಂಬಿ, ಮೇಲೆ ಜಿಪ್ಸಂ ಬೋರ್ಡ್, ಅದಕ್ಕೊಂದು ವಿನೈಲ್ ವಾಲ್‌ಪೇಪರ್. ಹೊರಗೆ ಸಿಮೆಂಟ್ ಪ್ಲಾಸ್ಟರ್, ವಾಟರ್‌ಪ್ರೂಫ್ ಪೇಂಟ್. "ಶೀತ ಕಾಣೋದೇ ಇಲ್ಲ ಸಾರ್" ಅನ್ನುತ್ತಾರೆ. ಕಾಣುವುದಿಲ್ಲ, ಅಷ್ಟು ನಿಜ.

ಹೀಗೆ ಮುಚ್ಚಿದ ಒಂದು ಗೋಡೆಯನ್ನು ಎರಡನೇ ಮಳೆಗಾಲ ಕಳೆದ ಮೇಲೆ ಬಿಚ್ಚಿದರೆ, ಬೋರ್ಡಿನ ಬೆನ್ನೆಲ್ಲ ಕಪ್ಪು ಬೂಷ್ಟು. ಬೋರ್ಡು ನೆನೆದ ಹಪ್ಪಳದ ಹಾಗೆ ಬಾಗಿತು. ಫ್ರೇಮಿನ ಕೆಳಪಟ್ಟಿ ತುಕ್ಕು. ಕಲ್ಲಿನ ಸಂದಿನ ಗಾರೆ ಉಗುರಿಗೇ ಉದುರಿತು, ಅದರ ಮೇಲೆ ಹತ್ತಿಯಂಥ ಉಪ್ಪು. ಇವೆಲ್ಲಕ್ಕಿಂತ ಕೆಟ್ಟದ್ದು ತೊಲೆ. ಗೋಡೆಯೊಳಗೆ ಕೂತ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ 2 ಅಂಗುಲ ಸಲೀಸಾಗಿ ಇಳಿಯಿತು.

ನಮ್ಮ ಕಡೆಯ ಕಲ್ಲು ನೀರು ಕುಡಿಯುವುದು ಬಹಳ ಕಮ್ಮಿ. ಕುಡಿಯುವುದು ಸಂದಿನ ಸುಣ್ಣದ ಗಾರೆ, ಗೋಡೆಯ ಹೊಟ್ಟೆಯಲ್ಲಿ ತುಂಬಿದ ಮಣ್ಣು ಮತ್ತು ಜಲ್ಲಿ. ನೆಲದಿಂದ ಏರಿದ ತೇವ, ಮಳೆಗೆ ಹೀರಿದ ತೇವ ಎರಡೂ ಆರಿಹೋಗುವುದು ಆ ಸಂದುಗಳಿಂದಲೇ. ಹೊರಗೆ ಸಿಮೆಂಟ್, ಒಳಗೆ ವಿನೈಲ್ ಬಂದರೆ ಎರಡೂ ಬಾಗಿಲು ಮುಚ್ಚಿದಂತೆ. ಸಿಮೆಂಟಿನ ಕೂದಲೆಳೆ ಬಿರುಕಲ್ಲಿ ನೀರು ಒಳಗೆ ಬರುತ್ತದೆ, ವಾಪಸ್ ಹೋಗುವುದಿಲ್ಲ. ಇದರ ಮೇಲೆ ಎಸಿ: ಹೊರಗೆ 26 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಆ ಗಾಳಿ 22 ಡಿಗ್ರಿಯ ಆಸುಪಾಸಿನಲ್ಲೇ ಇಬ್ಬನಿಯಾಗುತ್ತದೆ. ಎಸಿ 20ಕ್ಕೆ ಇಟ್ಟ ರೂಮಿನ ವಾಲ್‌ಪೇಪರ್ ಹಿಂದೆ ನೀರು ಕೂರುವುದು ಹಾಗೆ.

ಮೊದಲು ಪರೀಕ್ಷೆ ಮಾಡಿ. 2 ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದರೆ ತೇವ ಗೋಡೆಯದು. ರೂಮಿನ ಕಡೆ ಕಟ್ಟಿದರೆ ರೂಮಿನ ಗಾಳಿಯದು.

ಗೋಡೆಯದಾದರೆ ಹೊರಗಿನಿಂದ ಶುರು ಮಾಡಿ. ಒಳಗಿನ ನೆಲಕ್ಕಿಂತ ಹೊರಗಿನ ಮಣ್ಣು ಕನಿಷ್ಠ 6 ಅಂಗುಲ ತಗ್ಗಿರಬೇಕು. ಅಂಗಳಕ್ಕೆ ಮೇಲಿಂದ ಮೇಲೆ ಕಾಂಕ್ರೀಟ್, ಪೇವರ್ ಹಾಕಿಸಿ ಏರಿಸಿಕೊಂಡವರೇ ಜಾಸ್ತಿ. ತಾರಸಿಯ ಪೈಪಿನ ನೀರು ಗೋಡೆ ಬುಡಕ್ಕೆ ಬೀಳದೆ ಮೋರಿಗೆ ಹೋಗಲಿ. ತೇವದ ಗುರುತಿಗಿಂತ 3 ಅಡಿ ಮೇಲಿನವರೆಗೂ ಸಿಮೆಂಟ್ ಕೆತ್ತಿಸಿ. ತೇವ ಏರದಿರಲೆಂದು ಕಲ್ಲಿಗೆ ರಂಧ್ರ ಕೊರೆದು ಕೆಮಿಕಲ್ ತುಂಬಿಸುವುದಕ್ಕೆ ದುಡ್ಡು ಸುರಿಯಬೇಡಿ. ಜಲ್ಲಿ ತುಂಬಿದ ಗೋಡೆಯಲ್ಲಿ ಅದು ಸಂದು ಸಿಕ್ಕ ಕಡೆ ಹರಿದುಹೋಗುತ್ತದೆ. ಕೆತ್ತಿದ ಮೇಲೆ ಗೋಡೆ ಆರುವವರೆಗೆ ಕಾಯಬೇಕು. ಅಂಗುಲಕ್ಕೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ, 18 ಅಂಗುಲದ ಗೋಡೆಗೆ ನೀವೇ ಗುಣಿಸಿಕೊಳ್ಳಿ.

ಆಮೇಲೆ ಸುಣ್ಣದ ಗಾರೆ: ಅರಳಿಸಿದ ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ಮರಳು 2. ಕನ್ನಂಬಾಡಿ ಕಟ್ಟೆಗೆ ಹಾಕಿದ್ದೂ ಸುರ್ಕಿ ಗಾರೆಯೇ. ಒಂದು ಪದರ 12 ಮಿಲಿಮೀಟರ್ ಮೀರದಿರಲಿ, ಹತ್ತು ದಿನ ನೀರು ಚಿಮುಕಿಸಿ, ಮೇಲೆ ಸುಣ್ಣ ಬಳಿಸಿ. ಬೇಗ ಸೆಟ್ ಆಗಲೆಂದು ಮೇಸ್ತ್ರಿ ಒಂದು ಬಾಣಲಿ ಸಿಮೆಂಟ್ ಬೆರೆಸಲು ನೋಡುತ್ತಾನೆ, ಪಕ್ಕದಲ್ಲೇ ನಿಂತಿರಿ.

ಇನ್ನು ಸೆಕೆಯ ಮಾತು. ಇಷ್ಟು ದಪ್ಪ ಗೋಡೆಯ ಮನೆಗೆ ಬಿಸಿ ಇಳಿಯುವುದು ಹೆಚ್ಚಾಗಿ ತಾರಸಿಯಿಂದ, ಪಡುವಣ ಕಿಟಕಿಯಿಂದ. ಥರ್ಮಾಕೋಲಿನ ದುಡ್ಡನ್ನು ಅಲ್ಲಿಗೆ ಹಾಕಿ. ಆದರೆ ಸೋರಿಕೆ ನಿಲ್ಲಿಸದೆ ತಾರಸಿಯನ್ನೂ ಮುಚ್ಚಬೇಡಿ, ಅಲ್ಲೂ ತೊಲೆಗಳಿವೆ.