8 ಸಾವಿರದ ಬಾಕಿ 1 ಲಕ್ಷ 68 ಸಾವಿರ ಆಯಿತು! ರಿಪೋರ್ಟ್ ಮಾಡೆಲ್ ಮಾಡಿಸುವವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ. ಅಂಗಡಿ ಸಾವ್ಕಾರ್ರಿಗೆ ಹೇಳಿ, ಡೇಟಾಬೇಸ್‌ನಿಂದ ರಿಪೋರ್ಟ್ ತೆಗೆಯುವ ಈ ಮಾಡೆಲ್‌ಗೆ ದುಡ್ಡು ಕೊಡಿಸಿದವನು ನಾನೇ. ಡೆಮೊ ನೋಡಿ ಬಾಯಿ ಬಿಟ್ಟುಕೊಂಡು ಕೂತವನೂ ನಾನೇ.

ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಪಂಪ್‌ಸೆಟ್, ಕೇಬಲ್, ಪೈಪು. ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯದು, ಅದರ ಹಿಂದೆ ಲೆಕ್ಕವೆಲ್ಲ ಟೇಬಲ್‌ಗಳಲ್ಲಿ ಕೂತಿರುವ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದೆ. "ಯಾವ ಊರಿಗೆ ಯಾವ ಮಾಲು ಜಾಸ್ತಿ ಹೋಗೇತಿ?" ಅಂತ ಸಾವ್ಕಾರ್ರು ಕೇಳಿದರೆ ನನ್ನ ಅರ್ಧ ದಿನ ಎಕ್ಸೆಲ್‌ನಲ್ಲೇ ಹೋಗುತ್ತಿತ್ತು. ಟೇಬಲ್ ಹೆಸರುಗಳೋ, ದೇವರಿಗೇ ಪ್ರೀತಿ. 'ಬಿಎಲ್_ಎಚ್‌ಡಿ' ಅಂದರೆ ಬಿಲ್, 'ಪಿಟಿ_ಎಂಎಸ್‌ಟಿ' ಅಂದರೆ ಗಿರಾಕಿ. ಬರೆದವನಿಗೇ ಈಗ ನೆನಪಿದೆಯೋ ಇಲ್ಲವೋ.

ಆಗ ಪರಿಚಯದವರ ಮೂಲಕ ಒಬ್ಬ ಕನ್ಸಲ್ಟೆಂಟ್ ಸಿಕ್ಕರು. ಹೆಸರು ಬೇಡ. "ಸರ್, ನಿಮ್ಮ ಡೇಟಾಬೇಸ್ ಮೇಲೆ ಒಂದು ಮೆಟಾಡೇಟಾ ಮಾಡೆಲ್ ಕಟ್ಟಿಕೊಡ್ತೀವಿ. ಟೇಬಲ್ ಯಾವುದು, ಜಾಯಿನ್ ಯಾವುದು ಅಂತ ಯಾರೂ ತಲೆ ಕೆಡಿಸಿಕೊಳ್ಳೋದು ಬೇಡ. ಬೇಕಾದ್ದನ್ನ ಎಳೆದು ಹಾಕಿದ್ರೆ ಎಸ್‌ಕ್ಯೂಎಲ್ ಅದೇ ಬರ್ಕೊಳುತ್ತೆ," ಅಂದರು. ಜಾಯಿನ್ ಅಂದರೆ ಟೇಬಲ್‌ಗಳನ್ನು ಜೋಡಿಸುವುದು, ಎಸ್‌ಕ್ಯೂಎಲ್ ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ. ಪೆಂಟಾಹೋ ಮೆಟಾಡೇಟಾ ಎಡಿಟರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ ಅಂದರು. 1,80,000 ರೂಪಾಯಿ, ಮೇಲೆ ಲೈಸೆನ್ಸ್‌ಗೆ 35,000. ಶೇ. 60 ಅಡ್ವಾನ್ಸ್.

ಲೈಸೆನ್ಸ್ ವಿಷಯ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವರು ಹಾಕಿದ್ದು ಕಮ್ಯುನಿಟಿ ಎಡಿಶನ್. ಅದು ಪುಕ್ಕಟೆ ಸಿಗುತ್ತಿತ್ತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಆಮೇಲೆ ಕೇಳಿದರೆ ಬಂದ ಉತ್ತರ: "ಸರ್, ಲೈಸೆನ್ಸ್ ಅಂದ್ರೆ ಇನ್‌ಸ್ಟಾಲೇಶನ್ ಚಾರ್ಜ್ ಅಂತ ಅರ್ಥ." ಯಾವ ಊರಿನ ಅರ್ಥ ಅದು?

ಡೆಮೊ ದಿನದ ಕಥೆ ಹೇಳಲೇಬೇಕು, ನಾನು ಬಿದ್ದದ್ದೇ ಅಲ್ಲಿ. ಲ್ಯಾಪ್‌ಟಾಪ್ ತೆರೆದರು. ಎಡಗಡೆ ಪಟ್ಟಿಯಲ್ಲಿ ಎಲ್ಲ ಕನ್ನಡದಲ್ಲಿ! 'ಗಿರಾಕಿ ಹೆಸರು', 'ಊರು', 'ಬಿಲ್ ಮೊತ್ತ', 'ವಸೂಲಿ', 'ಬಾಕಿ'. ಒಂದೊಂದು ಕಾಲಂಗೂ ಬೇರೆ ಬೇರೆ ಭಾಷೆಯಲ್ಲಿ ಹೆಸರು ಕೊಡುವ ಸೌಲಭ್ಯ ಆ ಎಡಿಟರ್‌ನಲ್ಲೇ ಇದೆ, ಅದೇನೂ ಇವರ ಜಾಣತನ ಅಲ್ಲ. ನಮಗೇನು ಗೊತ್ತು? ಸಾವ್ಕಾರ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ ಖುಷಿಪಟ್ಟರು. 'ಊರು' ಎಳೆದರು, 'ಬಿಲ್ ಮೊತ್ತ' ಎಳೆದರು, ಒಟ್ಟು ಬಂತು. ನನ್ನ ಎಕ್ಸೆಲ್ ಜೊತೆ ತಾಳೆ ನೋಡಿದೆ. ಪೈಸೆ ಸಹಿತ ಸರಿ.

ಸರಿ ಇರದೆ ಏನು! ಡೆಮೊಗೆ ಅವರು ತೆಗೆದುಕೊಂಡದ್ದು ಬರೀ ಕೌಂಟರ್ ಸೇಲ್ ಬಿಲ್‌ಗಳು. ಒಂದು ಬಿಲ್, ಒಂದು ಐಟಂ, ಕೈಮೇಲೆ ದುಡ್ಡು, ಒಂದು ರಸೀದಿ. ಎರಡು ಐಟಂ ಇರುವ ಬಿಲ್ ಅದರಲ್ಲಿ ಒಂದೂ ಇರಲಿಲ್ಲ. ಒಂದೂ ಇರಲಿಲ್ಲ! ಇದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ.

ಕೆಲಸ ಮುಗಿಸಿ ಕೊಟ್ಟರು, ಉಳಿದ ದುಡ್ಡೂ ತೆಗೆದುಕೊಂಡರು. ಮೊದಲ ವಾರ ಸಾವ್ಕಾರ್ರು ತಿಂಗಳ ಮಾರಾಟ ನೋಡಿ ನನ್ನ ಮುಖ ನೋಡಿದರು. "ಅಲ್ಲೋ ತಮ್ಮಾ, ಇಷ್ಟು ಮಾಲು ನಾವು ಮಾರೀವೇನು? ಇಷ್ಟು ಮಾರಿದ್ರ ನಾ ಯಾಕ ಓವರ್‌ಡ್ರಾಫ್ಟ್ ಸಾಲಕ್ಕ ಬ್ಯಾಂಕಿಗೆ ಅಡ್ಡಾಡ್ತಿದ್ದೆ?" ನಾನು, ಜಾಣ, "ಕಂಪ್ಯೂಟರ್ ಲೆಕ್ಕ ರೀ, ತಪ್ಪಂಗಿಲ್ಲ" ಅಂದೆ. ನಾನೇ ಅಂದೆ.

ಮಾನ ಹೋದದ್ದು ಅದರ ಮುಂದಿನ ವಾರ. ಪಾರ್ಟಿವಾರು ಬಾಕಿ ಪಟ್ಟಿ ತೆಗೆದು ವಸೂಲಿ ಹುಡುಗನಿಗೆ ಕೊಟ್ಟೆ. ಅವನು ಗದಗಿನ ಒಬ್ಬ ಅಂಗಡಿಯವರಿಗೆ ಫೋನ್ ಮಾಡಿ, ನಿಮ್ಮ ಕಡೆಯಿಂದ 1,68,000 ಬರಬೇಕು ಅಂದ. ಇಪ್ಪತ್ತು ವರ್ಷದ ಗಿರಾಕಿ. ಮರುದಿನ ಬೆಳಿಗ್ಗೆ ಅವರು ಬಿಲ್, ರಸೀದಿ ಎಲ್ಲ ಹಿಡಿದುಕೊಂಡು ಅಂಗಡಿಗೇ ಬಂದುಬಿಟ್ಟರು. "ಏನ್ರೀ, ನಾ ಒಯ್ದಿದ್ದು 48 ಸಾವಿರದ ಮಾಲು. 40 ಕೊಟ್ಟೀನಿ. ನೀವು ಯಾರ ಲೆಕ್ಕಾ ನನ್ನ ತಲಿಗೆ ಕಟ್ಟಾಕತ್ತೀರಿ?" ನಾಲ್ಕು ಜನ ಗಿರಾಕಿಗಳ ಎದುರು. ಚಹಾ ತರಿಸಿದೆ, ಕುಡಿಯಲಿಲ್ಲ.

ಆ ರಾತ್ರಿ ಕೂತು ಅದೊಂದೇ ಬಿಲ್ ಬಿಡಿಸಿದೆ. ನೀವೂ ನೋಡಿ. ಬಿಲ್ ಮೊತ್ತ 48,000. ಅದರಲ್ಲಿ ಐಟಂ 3: ಪಂಪು, ಕೇಬಲ್, ಪೈಪು. ರಸೀದಿ 2: ಒಂದು 30,000, ಇನ್ನೊಂದು 10,000. ಬಾಕಿ 8,000. ಬಾಕಿ ಪಟ್ಟಿಯಲ್ಲಿ 'ಮಾಲಿನ ಸಂಖ್ಯೆ' ಅಂತ ಒಂದು ಕಾಲಂ ಇತ್ತು, ಹೀಗಾಗಿ ಐಟಂ ಟೇಬಲ್ ಕೂಡ ಒಳಗೆ ಬಂತು. ಮಾಡೆಲ್ ಬಿಲ್, ಐಟಂ, ರಸೀದಿ ಮೂರೂ ಟೇಬಲ್ ಒಟ್ಟಿಗೆ ಜೋಡಿಸಿತು. ಮೂರು ಐಟಂ, ಎರಡು ರಸೀದಿ, ಆರು ಸಾಲು. ಆರು ಸಾಲಿನಲ್ಲೂ 48,000! ಕೂಡಿದರೆ 2,88,000. ರಸೀದಿಗಳು ಮೂರು ಮೂರು ಸಲ ಬಂದು 1,20,000. ಕಳೆದರೆ 1,68,000. ಲೆಕ್ಕ ಎಷ್ಟು ಚೆನ್ನಾಗಿದೆ ಅಲ್ವಾ?

ಈ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲವಂತೆ. ಹೀಗೆ ಟೇಬಲ್ ಜೋಡಿಸುವಾಗ ಮೊತ್ತ ಉಬ್ಬುವ ತಪ್ಪುಗಳಿಗೆ ಫ್ಯಾನ್ ಟ್ರ್ಯಾಪ್, ಕ್ಯಾಸಮ್ ಟ್ರ್ಯಾಪ್ ಅಂತ ಹೆಸರೇ ಇವೆ. ಬಿಸಿನೆಸ್ ಆಬ್ಜೆಕ್ಟ್ಸ್‌ನಲ್ಲಿ ಯೂನಿವರ್ಸ್ (ಅದೂ ಇಂಥದೇ ರಿಪೋರ್ಟ್ ಮಾಡೆಲ್) ಕಟ್ಟುವವರು ಮೊದಲು ಇದನ್ನೇ ನೋಡಿಕೊಳ್ಳುತ್ತಾರೆ ಅಂತ ಧಾರವಾಡದ ಗೆಳೆಯನೊಬ್ಬ ಹೇಳಿದ. ದಾರಿಯಲ್ಲಿ ಗುಂಡಿ ಇದೆ ಅಂತ ಡ್ರೈವರ್‌ಗೆ ಗೊತ್ತಿರಬೇಕು, ಹಿಂದೆ ಕೂತ ನನಗಲ್ಲ.

ಇನ್ನು ಅವರ ಉತ್ತರಗಳು. ವಾಟ್ಸಾಪ್‌ನಲ್ಲಿ ಎಲ್ಲ ಇಟ್ಟುಕೊಂಡಿದ್ದೇನೆ.

ಮೊದಲನೆಯದು: "ಸರ್, ಮಾಡೆಲ್ ಪರ್ಫೆಕ್ಟ್ ಇದೆ. ನಿಮ್ಮ ಡೇಟಾ ಕ್ಲೀನ್ ಇಲ್ಲ." ಒಂದು ಬಿಲ್‌ಗೆ ಎರಡು ರಸೀದಿ ಇದ್ದರೆ ಡೇಟಾ ಹೊಲಸಾ? ಹುಬ್ಬಳ್ಳಿಯಲ್ಲಿ ಯಾವ ಹೋಲ್‌ಸೇಲ್ ಗಿರಾಕಿ ಒಂದೇ ಕಂತಿನಲ್ಲಿ ಪೂರ್ತಿ ದುಡ್ಡು ಕೊಡುತ್ತಾನೆ, ತೋರಿಸಿ.

ಎರಡನೆಯದು: "ಡಿಸ್ಟಿಂಕ್ಟ್ ಹಾಕಿದ್ದೇನೆ ಸರ್, ಈಗ ನೋಡಿ." ಒಂದೇ ಮೊತ್ತ ಮತ್ತೆ ಮತ್ತೆ ಬಂದರೆ ಒಂದೇ ಸಲ ಕೂಡಿಸು ಅನ್ನುವ ಆಜ್ಞೆಯಂತೆ ಅದು. ನೋಡಿದೆ. ಗದಗಿನ ಲೆಕ್ಕ ಸರಿ ಆಯಿತು. ಕೈಮುಗಿದು ಥ್ಯಾಂಕ್ಸ್ ಕೂಡ ಹೇಳಿದೆ, ನಾಚಿಕೆಯಾಗುತ್ತದೆ. ಮರುದಿನ ನೋಡಿದರೆ ನವಲಗುಂದದ ಗಿರಾಕಿಯ ಮಾರಾಟ ಕಾಣೆ. ಅವರು ವಾರವಾರ ಅದೇ ಮಾಲು, ಅಷ್ಟೇ ಮಾಲು ಒಯ್ಯುತ್ತಾರೆ. ನಾಲ್ಕು ಬಿಲ್, ನಾಲ್ಕೂ 11,800. ಒಂದೇ ಮೊತ್ತ ಅಂತ ನಾಲ್ಕನ್ನೂ ಒಂದು ಮಾಡಿ ಕೂಡಿಸಿತ್ತು. 47,200 ಹೋಗಿ 11,800. ಮೊದಲು ಇಲ್ಲದ್ದು ಬರುತ್ತಿತ್ತು, ಈಗ ಇದ್ದದ್ದೂ ಹೋಯಿತು.

ಮೂರನೆಯದು: "ರದ್ದಾದ ಬಿಲ್ ತೆಗೆಯೋದು ಸ್ಕೋಪ್‌ನಲ್ಲಿ ಇರಲಿಲ್ಲ ಸರ್. ಚೇಂಜ್ ರಿಕ್ವೆಸ್ಟ್ ಕಳಿಸಿ." ಹೌದು, ಅದೂ ಇತ್ತು. ರದ್ದಾದ ಬಿಲ್‌ಗಳೂ ಮಾರಾಟದಲ್ಲಿ ಸೇರಿದ್ದವು. ರದ್ದಾದದ್ದನ್ನು ಮಾರಾಟ ಅನ್ನಬಾರದು ಅಂತ ಕರಾರಿನಲ್ಲಿ ಬರೆಸಬೇಕಂತೆ. ಬಿಲ್ ಒಬ್ಬರ ಹೆಸರಿಗೆ, ಮಾಲು ಇನ್ನೊಬ್ಬರ ವಿಳಾಸಕ್ಕೆ ಹೋದ ಬಿಲ್‌ಗಳಂತೂ ಪಟ್ಟಿಯಲ್ಲೇ ಇರಲಿಲ್ಲ. ಗಿರಾಕಿ ಟೇಬಲ್ ಒಂದನ್ನೇ ಎರಡಕ್ಕೂ ಕಟ್ಟಿದ್ದರು, ಹೀಗಾಗಿ ಎರಡೂ ಒಬ್ಬರೇ ಆದರೆ ಮಾತ್ರ ಬಿಲ್ ಬರುತ್ತಿತ್ತು. ಎರಡು ಸಲ ಬೇರೆ ಬೇರೆ ಹೆಸರಲ್ಲಿ ತೆಗೆದುಕೊಳ್ಳಬೇಕಿತ್ತು, ಅಷ್ಟೇ ಕೆಲಸ.

ಕೊನೆಗೆ, ಹೋಗಲಿ, ಮಾಡೆಲ್‌ನ ಎಕ್ಸ್‌ಎಂಐ ಫೈಲ್ (ಮಾಡೆಲ್ ಪೂರ್ತಿ ಅದರಲ್ಲೇ ಇರುತ್ತದೆ) ಆದರೂ ಕೊಡಿ, ಬೇರೆಯವರ ಹತ್ತಿರ ಸರಿ ಮಾಡಿಸುತ್ತೇನೆ ಅಂದೆ. "ಸಾರಿ ಸರ್, ಅದು ನಮ್ಮ ಐಪಿ." ಅಂದರೆ ಅವರ ಬೌದ್ಧಿಕ ಆಸ್ತಿಯಂತೆ. ನಮ್ಮ ಡೇಟಾಬೇಸ್, ನಮ್ಮ ದುಡ್ಡು, ನಾನೇ ಕೂತು ಹೇಳಿಕೊಟ್ಟ ಕನ್ನಡ ಹೆಸರುಗಳು. ಐಪಿ ಮಾತ್ರ ಅವರದು!

ಧಾರವಾಡದ ಗೆಳೆಯ ಎರಡು ಭಾನುವಾರ ಬಂದು ಹೊಸದಾಗಿ ಕಟ್ಟಿಕೊಟ್ಟ. ವಸೂಲಿಯನ್ನು ಮೊದಲೇ ಡೇಟಾಬೇಸ್‌ನಲ್ಲಿ ಒಂದು ವ್ಯೂ (ಸಿದ್ಧ ಲೆಕ್ಕದ ಟೇಬಲ್ ಇದ್ದಂತೆ) ಮಾಡಿ ಬಿಲ್‌ಗೆ ಒಂದೇ ಸಾಲು ಬರುವಂತೆ ಕೂಡಿಸಿದ. ಐಟಂವಾರು ಮಾರಾಟಕ್ಕೆ ಬೇರೆ ಮಾಡೆಲ್, ಬಾಕಿಗೆ ಬೇರೆ ಮಾಡೆಲ್. ಐಟಂ ಕಡೆ ಬಿಲ್ ಮೊತ್ತವನ್ನು ಇಡಲೇ ಇಲ್ಲ, ಐಟಂ ಸಾಲಿನ ಮೊತ್ತ ಮಾತ್ರ. ಊಟ ಬಿಟ್ಟರೆ ಏನೂ ತೆಗೆದುಕೊಳ್ಳಲಿಲ್ಲ.

ನೀವು ಮಾಡಿಸುವವರಿದ್ದರೆ ಇಷ್ಟು ಮಾಡಿ. ಡೆಮೊಗೆ ಬಿಲ್ ಅವರು ಆರಿಸಬಾರದು, ನೀವೇ ಆರಿಸಿ. ಮೂರು ಐಟಂ, ಎರಡು ರಸೀದಿ ಇರುವ ಒಂದು ಬಿಲ್, ಜೊತೆಗೆ ರದ್ದಾದ ಒಂದು. ಒಟ್ಟು ಎಷ್ಟು ಅಂತ ಎದುರಿಗೇ ಕೂತು ತೋರಿಸಲಿ. ಮಾಡೆಲ್ ಫೈಲ್ ಕೈಗೆ ಬರುವ ತನಕ ಕೊನೆಯ ಕಂತು ಬಿಡಬೇಡಿ. ಕನ್ನಡದಲ್ಲಿ ಹೆಸರು ಕಂಡ ತಕ್ಷಣ ನನ್ನ ಹಾಗೆ ಕರಗಬೇಡಿ.

ಗದಗಿನವರು ಈಗ ಮಾಲು ಒಯ್ಯುತ್ತಾರೆ, ಆದರೆ ಪ್ರತಿ ಸಲ ಬಾಕಿಯನ್ನು ನನ್ನ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಂಡು ಹೋಗುತ್ತಾರೆ. ಕಳೆದ ಶನಿವಾರ ಕನ್ಸಲ್ಟೆಂಟ್ ಮೆಸೇಜ್ ಬಂತು: "ಸರ್, ಎಎಂಸಿ ರಿನ್ಯೂವಲ್ ಬಾಕಿ ಇದೆ, 18,000." ವರ್ಷದ ನಿರ್ವಹಣೆಯ ದುಡ್ಡಂತೆ. ಉತ್ತರ ಕೊಟ್ಟಿಲ್ಲ. ಸಾವ್ಕಾರ್ರಿಗೆ ತೋರಿಸುವ ಧೈರ್ಯವೂ ಆಗಿಲ್ಲ.