ಕೋರ್ಟ್‌ಲಿಸನರ್ ರಿವ್ಯೂ: ಪೋಸ್ನರ್ ಸಾಹೇಬ್ರ ಜಡ್ಜ್‌ಮೆಂಟ್ ಓದೋಕೆ ದುಡ್ಡು ಕೊಡ್ಬೇಡಿ

ಅಮೆರಿಕದ ಕೋರ್ಟ್ ಜಡ್ಜ್‌ಮೆಂಟ್ ಓದೋ ಹುಚ್ಚಿರೋರು ನಮ್ಮಲ್ಲೂ ಒಂದಿಷ್ಟು ಜನ ಇದೀರಲ್ಲ, ನಿಮಗೋಸ್ಕರ ಇದು. ಕೋರ್ಟ್‌ಲಿಸನರ್ ಅಂತ ಸೈಟು, ಫ್ರೀ ಲಾ ಪ್ರಾಜೆಕ್ಟ್ ಅನ್ನೋ ನಾನ್ ಪ್ರಾಫಿಟ್‌ನೋರು ನಡೆಸ್ತಾರೆ. ಅಲ್ಲಿನ ಸರ್ಕಾರಿ ಸೈಟ್ ಪೇಸರ್‌ನಲ್ಲಿ ಕೇಸ್ ಫೈಲ್ ತೆಗೆದ್ರೆ ಪುಟಕ್ಕೆ 10 ಸೆಂಟ್, ಮೂರು ತಿಂಗಳಿಗೆ 30 ಡಾಲರ್ ಒಳಗಿದ್ರೆ ಮಾಫಿ, ಜಡ್ಜ್‌ಮೆಂಟ್ ಮಾತ್ರ ಫ್ರೀ, ಹಿಂಗೆಲ್ಲ ಲೆಕ್ಕ ಇದೆ. ಇಲ್ಲಿ ಹೆಸರು ಟೈಪ್ ಮಾಡಿ ಓದ್ತಾ ಹೋಗೋದಷ್ಟೇ.

ನಾನು ಇಂಥ ಸೈಟ್ ಯಾವ್ದು ಸಿಕ್ರೂ ಮೊದ್ಲು ಹಾಕೋ ಹೆಸರು ರಿಚರ್ಡ್ ಪೋಸ್ನರ್. ಶಿಕಾಗೋದಲ್ಲಿ ಲಾ ಪ್ರೊಫೆಸರ್ ಆಗಿದ್ದು ಕಾನೂನಿಗೆ ಎಕನಾಮಿಕ್ಸ್ ತಂದು ಜೋಡಿಸಿದ ಮನುಷ್ಯ, 1981ರಲ್ಲಿ ಪ್ರೆಸಿಡೆಂಟ್ ರೇಗನ್ ಇವ್ರನ್ನ ಅಲ್ಲೇ ಸೆವೆಂತ್ ಸರ್ಕ್ಯೂಟ್ ಅಂತ ಮೂರು ರಾಜ್ಯಗಳ ಅಪೀಲು ಕೇಳೋ ಫೆಡರಲ್ ಕೋರ್ಟಿಗೆ ಜಡ್ಜ್ ಆಗಿ ಹಾಕಿದ್ರು, 1993ರಿಂದ 2000ದವರೆಗೆ ಚೀಫ್ ಜಡ್ಜ್. ನಮ್ಮ ಹೈಕೋರ್ಟ್ ಜಡ್ಜ್‌ಗಳು 62ಕ್ಕೆ ರಿಟೈರ್, ಅಲ್ಲಿ ವಯಸ್ಸಿನ ಗಡಿನೇ ಇಲ್ಲ, ಇವ್ರು 78ರವರೆಗೆ ಕೂತು 3,000ಕ್ಕೂ ಜಾಸ್ತಿ ಒಪಿನಿಯನ್ (ತೀರ್ಪಿನ ಬರಹ) ಬರೆದ್ರು, ಅದೂ ಕ್ಲರ್ಕ್ ಕೈಲಿ ಡ್ರಾಫ್ಟ್ ಮಾಡಿಸದೆ ತಾವೇ, ಫುಟ್‌ನೋಟ್ ಗೀಟ್‌ನೋಟ್ ಇಲ್ದೆ.

ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಜಡ್ಜ್ ಹೆಸರು, ಕೋರ್ಟು, ತಾರೀಖು ಮೂರೂ ಹಾಕ್ಬಹುದು, ಇದೇ ನಂಗೆ ಇಷ್ಟ ಆಗಿದ್ದು. 2014 ಹಾಕಿ ಜೆಸಿಜಿ ಇಂಡಸ್ಟ್ರೀಸ್ ಕೇಸ್ ತೆಗೀರಿ. ಕೋಳಿ ಫ್ಯಾಕ್ಟರಿ ಕೆಲಸಗಾರರು ಊಟದ ಬ್ರೇಕಲ್ಲಿ ಏಪ್ರನ್, ಗ್ಲೌಸ್ ಬಿಚ್ಚಿ ಮತ್ತೆ ಹಾಕೋ ಟೈಮಿಗೂ ಸಂಬಳ ಕೊಡಿ ಅಂತ ಕೇಳಿದ್ದು, ನಮ್ಮ ಸಾಹೇಬ್ರು ಏನ್ಮಾಡಿದ್ರು ಅಂದ್ರೆ ಅದೇ ಸಾಮಾನು ತರಿಸಿ ಕೋರ್ಟ್ ಸಿಬ್ಬಂದಿ ಮೂರು ಜನಕ್ಕೆ ಹಾಕ್ಸಿ ಬಿಚ್ಚಿಸಿ ಟೈಮ್ ನೋಡಿದ್ರು, ಬಿಚ್ಚೋಕೆ 15 ಸೆಕೆಂಡು, ಹಾಕೋಕೆ 95. ಕೆಲಸಗಾರರು ಸೋತ್ರು. ಚೀಫ್ ಜಡ್ಜ್ ಡಯೇನ್ ವುಡ್ ಇದನ್ನ ಒಪ್ಪಲಿಲ್ಲ, ರೆಕಾರ್ಡ್‌ನಲ್ಲಿ ಇಲ್ದೇ ಇರೋ ಸಾಕ್ಷಿನ ಜಡ್ಜೇ ತಯಾರು ಮಾಡೋದು ಏನ್ರೀ ಅನ್ನೋ ಧಾಟೀಲಿ ತಕರಾರು ಬರೆದ್ರು. ನನ್ನ ಕೇಳಿದ್ರೆ ವುಡ್ ಹೇಳಿದ್ದೇ ಸರಿ, ಆದ್ರೆ ಓದೋಕೆ ಮಜಾ ಬರೋದು ಪೋಸ್ನರ್‌ದೇ, ಏನ್ಮಾಡೋದು. 2011ರ ಇನ್ನೊಂದರಲ್ಲಿ ತಮಗೆ ಅಡ್ಡ ಬರೋ ಹಳೇ ತೀರ್ಪನ್ನ ವಕೀಲ್ರು ನೋಡದವರ ಥರ ಇದ್ರು ಅಂತ ಮರಳಲ್ಲಿ ತಲೆ ಹೂತಿಟ್ಟ ಆಸ್ಟ್ರಿಚ್ ಫೋಟೋನೇ ಜಡ್ಜ್‌ಮೆಂಟಲ್ಲಿ ಹಾಕ್ಬಿಟ್ಟಿದಾರೆ, ಪಕ್ಕದಲ್ಲೇ ಸೂಟ್ ಹಾಕಿರೋ ಮನುಷ್ಯಂದೂ ಒಂದು!

ವಾದದ ಆಡಿಯೋನೂ ಇರುತ್ತೆ. 2014ರ ಆಗಸ್ಟಲ್ಲಿ ಇಂಡಿಯಾನಾ, ವಿಸ್ಕಾನ್ಸಿನ್ ಸಲಿಂಗ ಮದುವೆ ಕೇಸಿನ ಆಡಿಯೋ ಕೇಳಲೇಬೇಕು, ಸಂಪ್ರದಾಯ ಅಂದ್ಬಿಟ್ರೆ ಅದೇ ಕಾರಣ ಆಗುತ್ತಾ ಅಂತ ಪೋಸ್ನರ್ ಪಟ್ಟು ಹಿಡಿದು ಕೇಳ್ತಾರೆ, ವಿಸ್ಕಾನ್ಸಿನ್ ವಕೀಲ್ರು ವಾದದ ಟೈಮ್ ಮುಗೀತಾ ಬಂತು ಅನ್ನೋ ಹಳದಿ ಲೈಟ್ ಬಂತು ಅಂತಾರೆ, ಅದು ನಿಮ್ಮನ್ನ ಕಾಪಾಡಲ್ಲ ಅಂತ ಬೆಂಚಿಂದ ಉತ್ತರ. ಹತ್ತೇ ದಿನದೊಳಗೆ ತೀರ್ಪು ಬಂತು, ಎರಡೂ ರಾಜ್ಯದಲ್ಲಿ ಸಲಿಂಗ ಮದುವೆಗಿದ್ದ ನಿಷೇಧ ರದ್ದಾಯ್ತು, ಬರೆದಿದ್ದು ಪೋಸ್ನರ್.

2017ರ ಸೆಪ್ಟೆಂಬರಲ್ಲಿ ದಿಢೀರ್ ಅಂತ ರಿಟೈರ್ ಆದ್ರು. ವಕೀಲ್ರಿಲ್ದೆ ತಾವೇ ವಾದಿಸೋ ಬಡ ಕಕ್ಷಿದಾರರನ್ನ ಕೋರ್ಟ್ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಸಹೋದ್ಯೋಗಿ ಜಡ್ಜ್‌ಗಳ ಜೊತೆ ಭಿನ್ನಾಭಿಪ್ರಾಯ ಇತ್ತು. ಇದು ಸರ್ಚ್ ರಿಸಲ್ಟ್ ನೋಡಿದ್ರೆ ಗೊತ್ತಾಗಲ್ಲ, ಬೇರೆ ಕಡೆ ಓದ್ಕೋಬೇಕು.

ಸ್ಟಾರ್ ನಾಲ್ಕೂವರೆ. ಅರ್ಧ ಕಟ್ ಮಾಡಿದ್ದು ಯಾಕಂದ್ರೆ ಆಡಿಯೋದಲ್ಲಿ ಮೂವರು ಜಡ್ಜ್‌ಗಳಲ್ಲಿ ಯಾರು ಮಾತಾಡ್ತಿರೋದು ಅಂತ ದನಿ ಮೇಲೇ ಕಂಡುಹಿಡೀಬೇಕು, ಹೊಸಬರಿಗೆ ಕಷ್ಟ. ಲಾ ಸ್ಟೂಡೆಂಟ್ಸ್ ಅಕೌಂಟ್ ಮಾಡ್ಕೊಂಡು ಸರ್ಚ್ ಅಲರ್ಟ್ ಇಟ್ಕೊಳ್ಳಿ, ಹೊಸ ತೀರ್ಪು ಬಂದ್ರೆ ಮೇಲ್ ಬರುತ್ತೆ.