ಅಪ್ಪನ ಭುಜಕ್ಕೆ ಯಾವ ವಿಮಾನ?

ನಮ್ಮ ಅಪ್ಪನದು ಅಗಲ ಭುಜ. ಚನ್ನಗಿರಿ ಕಡೆಯ ತೋಟದಲ್ಲಿ ನಲವತ್ತು ವರ್ಷ ಅಡಿಕೆ ಚೀಲ ಹೊತ್ತ ಮೈ. ಕೆಂಪು ಬಸ್ ಹತ್ತಿದರೆ ಮೂವರ ಸೀಟು ಬಿಟ್ಟು ಇಬ್ಬರ ಸೀಟನ್ನೇ ಹುಡುಕುತ್ತಾರೆ. ಈ ಸಲ ಅವರನ್ನು ದೆಹಲಿಗೆ, ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಮೂರು ಥರದ ವಿಮಾನ ಸಿಕ್ಕಿದವು.

ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲವಲ್ಲ, ಶಿವಮೊಗ್ಗದ ಸೋಗಾನೆಯಲ್ಲಿ ಬೆಂಗಳೂರಿಗೆ ಎಟಿಆರ್ 72 ಅನ್ನೋ ಚಿಕ್ಕ ವಿಮಾನ ಹತ್ತಿದೆವು. ಒಳಗಿನ ಅಗಲ 2.57 ಮೀಟರ್ ಅಷ್ಟೇ. ಆದರೆ ಅತ್ತ ಎರಡು, ಇತ್ತ ಎರಡು ಸೀಟು. ನಡುವಿನ ಸೀಟೇ ಇಲ್ಲ! ಸದ್ದು ಜಾಸ್ತಿ, ಬ್ಯಾಗ್ ಇಡುವ ಜಾಗ ಚಿಕ್ಕದು. ಅಪ್ಪ ಮಾತ್ರ ಆರಾಮಾಗಿದ್ದರು.

ಬೆಂಗಳೂರಿಂದ ದೆಹಲಿಗೆ ಏರ್‌ಬಸ್ ಎ320, ಬರುವಾಗ ಬೋಯಿಂಗ್ 737. ಎರಡರಲ್ಲೂ ಅತ್ತ ಮೂರು, ಇತ್ತ ಮೂರು ಸೀಟು. ಎರಡು ಸಲವೂ ಅಪ್ಪ ದಾರಿ ಪಕ್ಕ, ನಾನು ನಡುವೆ. ಎ320 ಒಳಗೆ 3.70 ಮೀಟರ್ ಅಗಲ, 737 ಸುಮಾರು 3.54. ವ್ಯತ್ಯಾಸ ಒಂದು ಗೇಣೂ ಇಲ್ಲ. ಆರು ಸೀಟಿಗೆ ಹಂಚಿದರೆ ತಲಾ ಒಂದು ಇಂಚು: ಎ320ಯಲ್ಲಿ ಸೀಟಿನ ಅಗಲ ಸಾಮಾನ್ಯವಾಗಿ 18 ಇಂಚು, 737ರಲ್ಲಿ 17.

ಒಂದು ಇಂಚಲ್ಲಿ ಏನಿದೆ ಅಂದುಕೊಂಡಿದ್ದೆ. ಹೋಗುವಾಗ ನಮ್ಮಿಬ್ಬರ ತೋಳು ತಾಗಿದರೂ ಒತ್ತಲಿಲ್ಲ. ಬರುವಾಗ ಎರಡೂವರೆ ಗಂಟೆಗೂ ಜಾಸ್ತಿ ನಾನು ಭುಜ ಮುಂದಕ್ಕೆ ಮಡಚಿಯೇ ಕೂತೆ. ಅಪ್ಪ ದಾರಿ ಕಡೆ ವಾಲಿದರು, ಊಟದ ಗಾಡಿ ಬಂದಾಗಲೆಲ್ಲ ಒಳಗೆ ಸರಿದರು. ವಿಚಿತ್ರ ಅಂದರೆ, ಕಾಲಿಗೆ ಜಾಗ ಬರುವಾಗಲೇ ಜಾಸ್ತಿ ಇತ್ತು. “ತಮ್ಮಾ, ಮೊಣಕಾಲಿಗೇನೋ ಜಾಗ ಐತಿ, ತೋಳು ಎಲ್ಲಿ ಇಡ್ಲಿ?” ಅಂದರು.

ಕಾಲಿನ ಜಾಗ ವಿಮಾನ ಓಡಿಸುವ ಕಂಪನಿಯ ಕೈಯಲ್ಲಿದೆ. ನೆಲದ ಹಳಿಯ ಮೇಲೆ ಸೀಟಿನ ಸಾಲುಗಳನ್ನು ಹಿಂದೆ ಮುಂದೆ ಸರಿಸಬಹುದು. ಅಗಲ ಹಾಗಲ್ಲ, ಅದು ವಿಮಾನದ ಮೈಯಲ್ಲೇ ಬಂದದ್ದು. 737 ಮೊದಲು ಹಾರಿದ್ದು 1967ರಲ್ಲಿ. ಅದರ ಅಗಲ 1950ರ ದಶಕದ, ಬೋಯಿಂಗ್‌ನದೇ ಹಳೆಯ ವಿಮಾನ 707ರಿಂದ ಬಂದದ್ದು. 1987ರಲ್ಲಿ ಹಾರಿದ ಎ320ಯನ್ನು ಹೊಸದಾಗಿ, ಅಗಲವಾಗಿಯೇ ಕಟ್ಟಿದರು.

ನನಗೆ ಎ320ಯೇ ಮೇಲು. ಒಂದು ಗಂಟೆಯ ದಾರಿಗಾದರೆ ಎಟಿಆರ್ ಇನ್ನೂ ಮೇಲು. ಟಿಕೆಟ್ ಮಾಡುವಾಗ ಯಾವ ವಿಮಾನ ಅಂತ ಬರೆದಿರುತ್ತಾರೆ, ಅದನ್ನು ನೋಡಿ. ಕೊನೆ ಗಳಿಗೆಯಲ್ಲಿ ಬದಲಾಗುವುದೂ ಉಂಟು. ಸಂಕ್ರಾಂತಿಗೆ ಮತ್ತೆ ದೆಹಲಿಗೆ ಹೊರಟಿದ್ದೇವೆ. ಮುನ್ನೂರು ರೂಪಾಯಿ ಜಾಸ್ತಿಯಾದರೂ ಎ320ಯಲ್ಲೇ ಅಪ್ಪನಿಗೆ ದಾರಿ ಪಕ್ಕದ ಸೀಟು ಹಿಡಿದಿದ್ದೇನೆ.